ಕ್ಯಾರವಾನ್ ಟ್ಯಾಂಕಿಗೆ ನೀರು ತುಂಬಲು ಯಾವ ಪಂಪ್ ತಗೊಳ್ಳಲಿ? ಕ್ಯಾನ್ ಎತ್ತಿ ಎತ್ತಿ ಸೊಂಟ ಹೋಯ್ತು

ದಾವಣಗೆರೆ ಟ್ರಾವೆಲರ್:
ಎಲ್ಲರಿಗೂ ನಮಸ್ಕಾರ. ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಕ್ಯಾರವಾನ್ ಮಾಡಿಕೊಂಡಿದ್ದೇವೆ. ಹಿಂದಿನ ಮಂಚದ ಕೆಳಗೆ ಎರಡು ಟ್ಯಾಂಕ್, ಒಂದೊಂದು 90 ಲೀಟರ್. ನೀರು ಹಾಕುವ ಬಾಯಿ ಹೊರಗಡೆ, ಎಡಬದಿಯಲ್ಲಿ, ನೆಲದಿಂದ ನನ್ನ ಸೊಂಟಕ್ಕಿಂತ ಸ್ವಲ್ಪ ಮೇಲೆ. ಅಳೆದರೆ 1.1 ಮೀಟರ್ ಇದೆ.

ಗಾಡಿ ಚೆನ್ನಾಗಿದೆ, ತೊಂದರೆ ಇರೋದು ನೀರು ತುಂಬುವುದರಲ್ಲಿ. ಪೈಪ್ ಹಾಕೋಕೆ ನಲ್ಲಿ ಸಿಕ್ಕರೆ ಸರಿ. ಬಹಳ ಕಡೆ ಸಿಗೋದಿಲ್ಲ. ಶುದ್ಧ ನೀರಿನ ಘಟಕದಲ್ಲಿ ಕ್ಯಾನ್ ತುಂಬಿಸಿಕೊಂಡು ಬರಬೇಕು. ತೋಟಗಳಲ್ಲಿ ಸಿಮೆಂಟ್ ತೊಟ್ಟಿ ಇರುತ್ತೆ, ಬಕೆಟ್‌ನಲ್ಲಿ ಮೊಗೆಯಬೇಕು. 20 ಲೀಟರ್ ಕ್ಯಾನ್ ಎದೆಮಟ್ಟಕ್ಕೆ ಎತ್ತಿ ಕೊಳವೆ ಇಟ್ಟು ಸುರಿಯುವುದು, ಅದೂ ಒಂಬತ್ತು ಸಲ. ಹೋದ ಸಲ ನಾಲ್ಕನೇ ಕ್ಯಾನಿಗೇ ಸೊಂಟ ಹಿಡೀತು. ನನ್ನ ಹೆಂಡತಿ ಉಳಿದದ್ದನ್ನು ಸುರಿದಳು, ಇವತ್ತಿಗೂ ಹೇಳಿ ತೋರಿಸ್ತಾಳೆ.

ಬಜೆಟ್ ಮೂರು ಸಾವಿರ. ಗಾಡಿಯಲ್ಲಿ 100 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಇದೆ. ದೀಪಾವಳಿ ರಜೆಗೆ ಅಮ್ಮನ್ನೂ ಮಕ್ಕಳನ್ನೂ ಕರ್ಕೊಂಡು ಹಿರಿಯೂರು ಹತ್ತಿರದ ಮಾರಿಕಣಿವೆ ಅಣೆಕಟ್ಟಿನ ಕಡೆ ಹೋಗುವ ಯೋಚನೆ. ಯಾವ ಪಂಪ್ ತಗೊಳ್ಳಲಿ?

ಬೆಣ್ಣೆದೋಸೆ ಪ್ರಿಯ:
ಅರ್ಧ ಎಚ್‌ಪಿ ಟುಲ್ಲು ಪಂಪ್ ತಗೊಂಡು ಬಿಡಿ ಅಣ್ಣ. ಮೂರನೇ ಮಹಡಿಗೇ ಎತ್ತುತ್ತೆ, ನಿಮ್ಮ ಗಾಡಿ ಯಾವ ಲೆಕ್ಕ.

ಜೋಗಿಮಟ್ಟಿ ಸೈಕಲ್:
ನಾನು ಕ್ಯಾನಿನ ಮೇಲೆ ಕೂರಿಸುವ ಆ ಚಾರ್ಜಿಂಗ್ ಪಂಪ್ ಬಳಸಿದ್ದೆ. ಲೋಟಕ್ಕೆ ನೀರು ಬಿಡುತ್ತಲ್ಲ, ಅದೇ. ಒಂದು ಕ್ಯಾನ್ ಖಾಲಿಯಾಗಲು ಹದಿನೈದು ನಿಮಿಷ. ನಿಮ್ಮ ಎರಡು ಟ್ಯಾಂಕಿಗೆ ಎರಡೂಕಾಲು ಗಂಟೆ. ಅಷ್ಟು ಹೊತ್ತಿಗೆ ಕೋಟೆ ಹತ್ತಿ ಇಳಿದು ಬರಬಹುದು.

ಮೋಟರ್ ವೈಂಡಿಂಗ್ ಯಜಮಾನ:
ಟುಲ್ಲು ಪಂಪ್ ಬೇಡ. ಇಪ್ಪತ್ತು ವರ್ಷದಿಂದ ದಾವಣಗೆರೆಯಲ್ಲಿ ಇದೇ ಮೋಟರ್‌ಗಳನ್ನು ಬಿಚ್ಚಿ ಕಟ್ಟುತ್ತಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಅರ್ಧ ಎಚ್‌ಪಿ ಅಂದರೆ ಮೋಟರ್ ಹೊರಗೆ ಕೊಡುವ ಶಕ್ತಿ ಸುಮಾರು 373 ವ್ಯಾಟ್. ಒಳಗೆ ಎಳೆಯುವುದು 600-700 ವ್ಯಾಟ್. ನಿಮ್ಮದು 12 ವೋಲ್ಟ್ ಬ್ಯಾಟರಿ. ಇನ್ವರ್ಟರ್ ಮೂಲಕ ಓಡಿಸಿದರೆ ಬ್ಯಾಟರಿಯಿಂದ 60 ಆಂಪ್‌ಗಿಂತ ಜಾಸ್ತಿ ಎಳೆಯುತ್ತೆ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು. ಸಣ್ಣ ಇನ್ವರ್ಟರ್ ಕುಂಯ್ ಅಂತ ಕೂಗಿ ಟ್ರಿಪ್ ಆಗುತ್ತೆ. ಅಗ್ಗದ ಇನ್ವರ್ಟರ್ ಆದರೆ ಮೋಟರ್ ಸುಮ್ನೆ ಗುಂಯ್‌ಗುಟ್ಟಿ ಬಿಸಿಯಾಗಿ ನನ್ನ ಅಂಗಡಿಗೆ ಬರುತ್ತೆ. ನನಗೇನೋ ಲಾಭ.

ನಿಜಕ್ಕೂ ನಿಮಗೆ ಎಷ್ಟು ಶಕ್ತಿ ಬೇಕು? ತೊಟ್ಟಿಯ ನೀರು ಅರ್ಧ ಮೀಟರ್ ಕೆಳಗಿದೆ ಅಂದುಕೊಳ್ಳಿ. ಗಾಡಿಯ ಬಾಯಿ 1.1 ಮೀಟರ್ ಮೇಲೆ. ಪೈಪಿನ ಉಜ್ಜಾಟ ಎಲ್ಲ ಸೇರಿ 3 ಮೀಟರ್ ಅಂತಲೇ ಇಟ್ಟುಕೊಳ್ಳೋಣ. ನಿಮಿಷಕ್ಕೆ 15 ಲೀಟರ್‌ನಂತೆ 3 ಮೀಟರ್ ಎತ್ತಲು ಬೇಕಾದ್ದು ಎಂಟು ವ್ಯಾಟ್ ಕೂಡ ಇಲ್ಲ. ಪಂಪಿನಲ್ಲಿ ಮುಕ್ಕಾಲು ಪಾಲು ವ್ಯರ್ಥವಾದರೂ 40-60 ವ್ಯಾಟ್ ಸಾಕು. 12 ವೋಲ್ಟ್‌ನಲ್ಲಿ 4-5 ಆಂಪ್. ಕಾಲು ಗಂಟೆ ಓಡಿಸಿದರೂ ನಿಮ್ಮ ನೂರು ಎಎಚ್‌ನಲ್ಲಿ ಒಂದೂಕಾಲು ಎಎಚ್ ಹೋಗುತ್ತೆ, ಅಷ್ಟೇ.

ಅಂಗಡಿಯವನು "ಸರ್, ಇದು 30 ಮೀಟರ್ ಹೆಡ್" ಅಂದರೆ ಹಿಗ್ಗಬೇಡಿ. ಹೆಡ್ ಅಂದರೆ ಪಂಪ್ ನೀರನ್ನು ಏರಿಸಬಲ್ಲ ಗರಿಷ್ಠ ಎತ್ತರ. ನಿಮಗೆ ಬೇಕಿರೋದು ಎತ್ತರ ಅಲ್ಲ, ಧಾರೆ. 2-3 ಮೀಟರ್ ಎತ್ತರದಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತೆ ಅಂತ ಕೇಳಿ.

ಕೋಟೆಬೀದಿ:
ಯಜಮಾನರು ಹೇಳಿದ್ದು ಸರಿ. ನಮ್ಮ ಚಿತ್ರದುರ್ಗದ ಕೋಟೆಯಲ್ಲಿ ಪಂಪೇ ಇಲ್ಲದೆ ನಡೆದಿತ್ತಲ್ಲ! ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಕೊನೆಗೆ ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ. ಎಲ್ಲ ಇಳಿಜಾರಿನ ಕೆಲಸ. ನೀರಿಗಿಂತ ಕೆಳಗೆ ಗಾಡಿ ನಿಲ್ಲಿಸೋಕೆ ಜಾಗ ಇದ್ದರೆ ಒಂದು ಪೈಪ್ ಸಾಕು, ಬಾಯಲ್ಲಿ ಎಳೆದು ಬಿಟ್ಟರೆ ತಾನೇ ಹರಿಯುತ್ತೆ.

ದಾವಣಗೆರೆ ಟ್ರಾವೆಲರ್:
ಸರ್, ನಾನು ಗಾಡಿ ನಿಲ್ಲಿಸುವ ಕಡೆಯೆಲ್ಲ ನೀರೇ ಕೆಳಗೆ, ಗಾಡಿ ಮೇಲೆ 😀

ಹೊಳಲ್ಕೆರೆ ಟೀಚರ್:
ನಾವೂ ಹೀಗೇ ಸುತ್ತುವವರು. ನಮ್ಮನೆಯವರು ಎರಡು ಪಂಪ್ ತಂದು ಹಾಳು ಮಾಡಿ ಮೂರನೆಯದರಲ್ಲಿ ನಿಂತಿದ್ದಾರೆ. ಅವರ ತಪ್ಪನ್ನು ಹೇಳುತ್ತೇನೆ, ನಿಮಗೆ ದುಡ್ಡು ಉಳಿಯಲಿ.

ಮೊದಲನೆಯದು ಕೂಲರ್ ಪಂಪ್. 230 ವೋಲ್ಟ್‌ನದ್ದು. ಅಗ್ಗ, ಹಗುರ. ಲೇಬಲ್ ಮೇಲೆ 1.8 ಮೀಟರ್ ಹೆಡ್ ಅಂತ ಬರೆದಿತ್ತು. 1.8 ಮೀಟರ್‌ಗೆ ಏರುತ್ತೆ ನಿಜ, ಆದರೆ ಅಲ್ಲಿಗೆ ಏರಿದ ಮೇಲೆ ಒಂದು ಹನಿಯೂ ಬೀಳೋದಿಲ್ಲ. ಹೆಡ್ ಅಂದರೆ ನೀರು ನಿಂತುಬಿಡುವ ಎತ್ತರ ಅಂತ ನಮಗೆ ಆಮೇಲೆ ತಿಳೀತು. ಅದಕ್ಕಿಂತ ಹೆಚ್ಚಾಗಿ, ಒದ್ದೆ ನೆಲದಲ್ಲಿ ನಿಂತು 230 ವೋಲ್ಟ್ ಪಂಪನ್ನು ಬಕೆಟ್‌ಗೆ ಇಳಿಬಿಡುವುದು ಯಾರಿಗೆ ಬೇಕು? ಮಕ್ಕಳು ಬೇರೆ ಸುತ್ತ ಓಡಾಡುತ್ತಿರುತ್ತಾರೆ. ತೋಟದ ಮನೆಯ ಪ್ಲಗ್‌ಗೆ ಅರ್ತಿಂಗ್ ಇದೆಯೋ ಇಲ್ಲವೋ ಅದೂ ಗೊತ್ತಿರಲ್ಲ. ನಾನೇ ತೆಗೆಸಿ ಹಾಕಿದೆ.

ಎರಡನೆಯದು ದೋಣಿಯಲ್ಲಿ ಬಳಸುವ ಬಿಲ್ಜ್ ಪಂಪ್, 12 ವೋಲ್ಟ್. 1100 ಜಿಪಿಎಚ್ ಅಂತ ಇತ್ತು. ಅಂದರೆ ಗಂಟೆಗೆ ಅಷ್ಟು ಗ್ಯಾಲನ್. ಅಮೆರಿಕದ ಗ್ಯಾಲನ್ 3.785 ಲೀಟರ್, ಹಾಗೆ ನೋಡಿದರೆ ನಿಮಿಷಕ್ಕೆ ಸುಮಾರು 69 ಲೀಟರ್. ನಮ್ಮನೆಯವರು ಕುಣಿದಾಡಿದರು. ಅದು ಪೈಪ್ ಇಲ್ಲದೆ, ಎತ್ತರ ಇಲ್ಲದೆ ಬರುವ ಲೆಕ್ಕ. ಪಂಪಿನ ಬಾಯಿ ಒಂದು ಇಂಚಿಗಿಂತ ದಪ್ಪ, ಇವರು ಅದಕ್ಕೆ ಅರ್ಧ ಇಂಚಿನ ತೋಟದ ಪೈಪ್ ಸಿಕ್ಕಿಸಿದರು. ನೀರು ಬಂದದ್ದು ನಮ್ಮ ಮನೆ ನಲ್ಲಿಯಷ್ಟು. ಮೇಲಾಗಿ ಅದು ದೋಣಿ ತಳದ ಕೊಳೆ ನೀರು ಎತ್ತಿ ಹಾಕಲು ಮಾಡಿದ ಪಂಪ್, ಕುಡಿಯುವ ನೀರಿಗೆ ಅಲ್ಲ.

ಈಗ ಇರೋದು ಕ್ಯಾರವಾನ್‌ಗಳಿಗೇ ಅಂತ ಬರುವ 12 ವೋಲ್ಟ್ ಸಬ್‌ಮರ್ಸಿಬಲ್. ಮುಷ್ಟಿ ಗಾತ್ರ. ಕ್ಯಾನಿನ ಬಾಯಲ್ಲೇ ಇಳಿಯುತ್ತೆ, ಅದನ್ನು ಮೊದಲು ನೋಡಿಕೊಳ್ಳಿ. ಮೂರು ವರ್ಷ ಆಯ್ತು.

ಹಿರಿಯೂರು ತೋಟ:
ಟೀಚರಮ್ಮ, ನನ್ನ ಮತ ಡಯಾಫ್ರಾಮ್ ಪಂಪಿಗೆ, ಒಳಗಿನ ರಬ್ಬರ್ ಪೊರೆ ಹಿಂದೆ ಮುಂದೆ ಆಡಿ ನೀರು ತಳ್ಳುತ್ತಲ್ಲ, ಅದು. ನಾವು ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಒಳಗೆ ಇರೋದು ಅದೇ 12 ವೋಲ್ಟ್ ಮೋಟರ್. ದಾವಣಗೆರೆ, ಹಿರಿಯೂರು, ಚಳ್ಳಕೆರೆ ಎಲ್ಲೇ ಹೋದರೂ ಗೊಬ್ಬರದ ಅಂಗಡಿ ಸಾಲಿನಲ್ಲಿ ಬಿಡಿಭಾಗ ಸಿಗುತ್ತೆ. ಅರ್ಧ ದಾರಿಯಲ್ಲಿ ಕೆಟ್ಟರೆ ಅಲ್ಲೇ ಹೊಸದು ತಗೊಂಡು ಹಾಕಬಹುದು. ಆನ್‌ಲೈನ್‌ನಲ್ಲಿ ತರಿಸಿದ ಪಂಪ್ ಕೆಟ್ಟರೆ ಏನ್ ಮಾಡ್ತೀರಿ?

ಇನ್ನೊಂದು ಲಾಭ, ಅದು ಹೊರಗೇ ಇರುತ್ತೆ, ಪೈಪ್ ಮಾತ್ರ ನೀರಲ್ಲಿ. ತಾನೇ ಎಳೆದುಕೊಳ್ಳುತ್ತೆ, ಮೊದಲು ನೀರು ಕುಡಿಸಬೇಕಾಗಿಲ್ಲ. ಒಂದೆರಡು ನಿಮಿಷ ಒಣಗಿ ಓಡಿದರೂ ಸುಡೋದಿಲ್ಲ. ಸಬ್‌ಮರ್ಸಿಬಲ್ ಹಾಗಲ್ಲ, ಸುತ್ತಲಿನ ನೀರೇ ಅದನ್ನು ತಣ್ಣಗಿಡೋದು. ಕ್ಯಾನ್ ಖಾಲಿಯಾದದ್ದು ನೋಡದೆ ಬಿಟ್ಟರೆ ಸೀಲ್ ಹೋಗುತ್ತೆ.

ಒಂದೇ ಮಾತು: ಔಷಧಿ ಹೊಡೆದ ಹಳೇ ಸ್ಪ್ರೇಯರ್‌ನಿಂದ ಕಿತ್ತ ಪಂಪ್ ಮಾತ್ರ ಮುಟ್ಟಬೇಡಿ. ಎಷ್ಟು ತೊಳೆದರೂ ಬೇಡ. ಹೊಸದನ್ನೇ ತಗೊಳ್ಳಿ.

ಮೋಟರ್ ವೈಂಡಿಂಗ್ ಯಜಮಾನ:
ತೋಟದವರ ಮಾತು ಒಪ್ಪುತ್ತೇನೆ, ಆದರೆ ಸ್ಪ್ರೇಯರ್ ಮೋಟರ್ ನಿಮಿಷಕ್ಕೆ ನಾಲ್ಕೈದು ಲೀಟರ್ ಕೊಟ್ಟರೆ ಹೆಚ್ಚು. ಅದು ಒತ್ತಡಕ್ಕೆ ಮಾಡಿದ್ದು, ಧಾರೆಗೆ ಅಲ್ಲ. 180 ಲೀಟರ್‌ಗೆ ಮುಕ್ಕಾಲು ಗಂಟೆ ಬೇಕು. ಡಬಲ್ ಮೋಟರ್ ಹಾಕಿದರೂ ಅರ್ಧ ಗಂಟೆ. ದೊಡ್ಡ ಡಯಾಫ್ರಾಮ್ ಪಂಪ್ ಬರುತ್ತೆ, ನಿಮಿಷಕ್ಕೆ 17 ಲೀಟರ್‌ವರೆಗೆ ಕೊಡುತ್ತೆ. ಆದರೆ ನಿಮ್ಮ ಬಜೆಟ್ ದಾಟಬಹುದು, ಸದ್ದೂ ಜಾಸ್ತಿ.

ಹಿರಿಯೂರು ತೋಟ:
ಯಜಮಾನ್ರೇ, ಮುಕ್ಕಾಲು ಗಂಟೆ ಅಂದರೆ ಒಂದು ಟೀ, ಒಂದು ಬೀಡಿ, ನಾಲ್ಕು ಮಾತು. ರಜೆಗೆ ಬಂದವರಿಗೆ ಅವಸರ ಯಾಕೆ?

ಹರಿಹರದ ಹೊಳೆ:
ನಮ್ಮದು ಹೊಳೆ ದಂಡೆ ಜಮೀನು. ನಾನು 25 ಸಿಸಿ ಪೆಟ್ರೋಲ್ ಪಂಪ್ ಇಟ್ಟಿದ್ದೇನೆ, ಒಂದು ಇಂಚಿನದ್ದು, ಆರು ಕೆಜಿ ಆಸುಪಾಸು. ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ನಿಮಿಷಕ್ಕೆ ನೂರು ಲೀಟರ್ ಮೇಲೆ ಹೊಡೆಯುತ್ತೆ. ನಿಮ್ಮ ಎರಡೂ ಟ್ಯಾಂಕ್ ಎರಡು ನಿಮಿಷ. ಬೆಲೆ ಮಾತ್ರ ಕೇಳಬೇಡಿ.

ಹೊಳಲ್ಕೆರೆ ಟೀಚರ್:
ಅಣ್ಣ, ಅದು ಗದ್ದೆಗೆ ಸರಿ. ಮಲಗುವ ಗಾಡಿಯೊಳಗೆ ಪೆಟ್ರೋಲ್ ಪಂಪ್ ಇಟ್ಟುಕೊಂಡು ಹೋದರೆ ಹಾಸಿಗೆಯೆಲ್ಲ ಪೆಟ್ರೋಲ್ ವಾಸನೆ. ಅದರ ಹೊಗೆಯೂ ಕೆಟ್ಟದ್ದು. ಅಷ್ಟು ರಭಸವನ್ನು ಟ್ಯಾಂಕಿನ ಬಾಯಿ ತಡೆಯೋದೂ ಇಲ್ಲ.

ಜೋಗಿಮಟ್ಟಿ ಸೈಕಲ್:
ತಡೆಯೋದಿಲ್ಲ ಅನ್ನೋದಕ್ಕೆ ನಾನು ಸಾಕ್ಷಿ. ಸ್ನೇಹಿತರ ಗಾಡಿ. ಒಂದು ತೋಟದಲ್ಲಿ ಬೋರ್‌ವೆಲ್ ಓಡ್ತಾ ಇತ್ತು, ತ್ರೀ ಫೇಸ್ ಬಂದಿತ್ತು. "ಪಂಪ್ ಯಾಕೆ, ಇದನ್ನೇ ಬಿಡೋಣ" ಅಂತ ಬೋರ್ ಪೈಪನ್ನೇ ತಂದು ಟ್ಯಾಂಕಿನ ಬಾಯಿಗೆ ಬಿಗಿಯಾಗಿ ಒತ್ತಿ ಹಿಡಿದರು. ಸುತ್ತ ಬಟ್ಟೆ ಬೇರೆ ಸುತ್ತಿದ್ದರು, ನೀರು ಚೆಲ್ಲಬಾರದು ಅಂತ! ಅರ್ಧ ನಿಮಿಷ ಆಗಿರಲಿಲ್ಲ, ಒಳಗೆ ಟಪ್ ಅಂತ ಸದ್ದು. ಟ್ಯಾಂಕ್ ಬಸುರಿ ಹೊಟ್ಟೆ ಹಾಗೆ ಉಬ್ಬಿ ಮೂಲೆಯಲ್ಲಿ ಸೀಳಿತ್ತು. ಹಾಸಿಗೆ, ಪ್ಲೈವುಡ್, ಅಕ್ಕಿ ಚೀಲ ಎಲ್ಲ ನೀರು ಪಾಲು.

ಮೋಟರ್ ವೈಂಡಿಂಗ್ ಯಜಮಾನ:
ಗಾಳಿ ಹೋಗಲು ದಾರಿ ಇರಲಿಲ್ಲ, ಅಷ್ಟೇ. ಎಷ್ಟು ನೀರು ಒಳಗೆ ಹೋಗುತ್ತೋ ಅಷ್ಟೇ ಗಾಳಿ ಹೊರಗೆ ಬರಬೇಕು. ಬಾಯಿ ಒಂದೂವರೆ ಇಂಚು, ಗಾಳಿ ಪೈಪ್ ಅರ್ಧ ಇಂಚು. ನೂರು ಲೀಟರ್ ತಳ್ಳಿದರೆ ಗಾಳಿ ಎಲ್ಲಿಗೆ ಹೋಗಬೇಕು?

ದಾವಣಗೆರೆ ಅಣ್ಣ, ನಿಮ್ಮ ಗಾಳಿ ಪೈಪ್ ಎಲ್ಲಿದೆ? ಮೊದಲು ಅದನ್ನು ನೋಡಿ. ಕೆಲವರು ಅದನ್ನು ಟ್ಯಾಂಕಿನ ಮಟ್ಟಕ್ಕೇ ಬಿಟ್ಟಿರುತ್ತಾರೆ, ಅರ್ಧ ತುಂಬಿದಾಗಲೇ ಅದರಲ್ಲಿ ನೀರು ನಿಲ್ಲುತ್ತೆ. ಆಗ ಬಾಯಿಂದ ಗಬಗಬ ಅಂತ ನೀರು ವಾಪಸ್ ಉಗುಳುತ್ತೆ. ಪಂಪ್ ಸರಿ ಇಲ್ಲ ಅಂತ ಜನ ಪಂಪನ್ನು ಬಯ್ಯುತ್ತಾರೆ. ಗಾಳಿ ಪೈಪ್ ಟ್ಯಾಂಕಿನ ತುದಿಯಿಂದ ಮೇಲಕ್ಕೇ ಹೋಗಬೇಕು, ಎಲ್ಲೂ ಜೋತು ಬಿದ್ದಿರಬಾರದು. ನೀರಿನ ಪೈಪನ್ನು ಬಾಯೊಳಗೆ ಸಡಿಲವಾಗಿ ಬಿಡಿ.

ದಾವಣಗೆರೆ ಟ್ರಾವೆಲರ್:
ಈಗಷ್ಟೇ ಮಂಚ ಎತ್ತಿ ನೋಡಿ ಬಂದೆ. ಯಜಮಾನರೇ, ಗಾಳಿ ಪೈಪ್ ಮಂಚದ ಹಲಗೆಗೆ ಸಿಕ್ಕಿ ಮಡಚಿಕೊಂಡಿದೆ! ಕೊಳವೆಯಲ್ಲಿ ಸುರಿಯುವಾಗಲೂ ಉಗುಳುತ್ತಿತ್ತು. ನಾನೇ ಜೋರಾಗಿ ಸುರಿಯುತ್ತಿದ್ದೇನೆ ಅಂದುಕೊಂಡಿದ್ದೆ.

ಹೊಳಲ್ಕೆರೆ ಟೀಚರ್:
ನೋಡಿ, ಅರ್ಧ ಸೊಂಟನೋವು ಅದರದ್ದೇ.

ಪೈಪಿನ ಬಗ್ಗೆ ಒಂದು ಮಾತು. ತೋಟದ ಹಸಿರು ಪೈಪ್ ಬೇಡ. ಬಿಸಿಲಲ್ಲಿ ಬಿದ್ದಿದ್ದರೆ ನೀರೆಲ್ಲ ಪ್ಲಾಸ್ಟಿಕ್ ವಾಸನೆ, ಟೀ ಕೂಡ ಹಾಗೇ ಇರುತ್ತೆ. ಫುಡ್ ಗ್ರೇಡ್ ಅಂತ ಕೇಳಿ, ಮುಕ್ಕಾಲು ಇಂಚು, ಐದು ಮೀಟರ್ ಸಾಕು. ಬಳಸಿದ ಮೇಲೆ ನೀರು ಬಸಿದು ಎರಡೂ ತುದಿ ಮುಚ್ಚಿಡಿ. ನಮ್ಮ ಪೈಪಿನಲ್ಲಿ ಒಮ್ಮೆ ಜಿರಳೆ ಸಂಸಾರ ಹೂಡಿತ್ತು.

ಹಿರಿಯೂರು ತೋಟ:
ಡಯಾಫ್ರಾಮ್ ಹಾಕುವುದಾದರೆ ಎಳೆಯುವ ಕಡೆ ಮೆತ್ತನೆ ಪೈಪ್ ಹಾಕಬೇಡಿ. ಒಳಗೆ ಅಪ್ಪಚ್ಚಿ ಆಗಿ ಮುಚ್ಚಿಕೊಳ್ಳುತ್ತೆ. ಒಳಗೆ ಸುರುಳಿ ಇರುವ ಸಕ್ಷನ್ ಪೈಪೇ ಬೇಕು. ತುದಿಗೆ ಜಾಲರಿ. ಒಂದು ಮರಳಿನ ಕಾಳು ವಾಲ್ವ್‌ನಲ್ಲಿ ಸಿಕ್ಕರೂ ಪಂಪ್ ಟಕಟಕ ಅನ್ನುತ್ತೆ, ನೀರು ಎತ್ತೋದಿಲ್ಲ. ಕ್ಲ್ಯಾಂಪ್ ಸಡಿಲ ಇದ್ದರೆ ಏರ್ ಹಿಡಿಯುತ್ತೆ.

ಬೆಣ್ಣೆದೋಸೆ ಪ್ರಿಯ:
ಕೃಷಿ ಹೊಂಡದಿಂದ ಎಳೆಯಬಹುದಾ? ನಮ್ಮ ಮಾವನ ಹೊಲದಲ್ಲಿ ದೊಡ್ಡದಿದೆ.

ಮೋಟರ್ ವೈಂಡಿಂಗ್ ಯಜಮಾನ:
ನೀರು ಎಷ್ಟು ಕೆಳಗಿದೆ ಅನ್ನೋದರ ಮೇಲೆ. ಮೇಲೆ ಕೂತ ಯಾವ ಪಂಪೂ ನೀರನ್ನು ಎಳೆಯೋದಿಲ್ಲ. ಪೈಪಿನ ಗಾಳಿ ತೆಗೆಯುತ್ತೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ನೂಕುತ್ತೆ. ಸಮುದ್ರ ಮಟ್ಟದಲ್ಲಿ ಲೆಕ್ಕಕ್ಕೆ 10.3 ಮೀಟರ್. ಚಿತ್ರದುರ್ಗ 700 ಮೀಟರ್ ಮೇಲಿದೆ, ಇಲ್ಲಿ ಒಂಬತ್ತೂವರೆ ಅಷ್ಟೇ. ಅದೂ ಪುಸ್ತಕದಲ್ಲಿ. ಈ ಸಣ್ಣ 12 ವೋಲ್ಟ್ ಪಂಪ್‌ಗಳು ಒಂದೂವರೆ, ಎರಡು ಮೀಟರ್‌ಗೇ ಸುಸ್ತು. ಬೇಸಿಗೆಯಲ್ಲಿ ಹೊಂಡದ ನೀರು ಮೂರು ಮೀಟರ್ ಕೆಳಗೆ ಹೋಗಿರುತ್ತೆ. ಅಂಥ ಕಡೆ ಸಬ್‌ಮರ್ಸಿಬಲ್ ಇಳಿಬಿಡಬೇಕು. ಅದು ಕೆಳಗಿನಿಂದ ತಳ್ಳುತ್ತೆ, ಈ ಮಿತಿ ಅದಕ್ಕಿಲ್ಲ.

ಹಿರಿಯೂರು ತೋಟ:
ಹೊಂಡಕ್ಕೆ ಇಳಿಯಬೇಡಿ ಅಂತ ಕೈಮುಗಿದು ಹೇಳ್ತೀನಿ. ಪ್ಲಾಸ್ಟಿಕ್ ಹಾಳೆ ಹಾಸಿದ ಇಳಿಜಾರು, ಪಾಚಿ ಬೇರೆ. ಜಾರಿದರೆ ಈಜು ಬಂದರೂ ಮೇಲೆ ಬರೋಕೆ ಹಿಡಿತ ಸಿಗಲ್ಲ. ಪಂಪಿಗೆ ಹಗ್ಗ ಕಟ್ಟಿ ದಡದಿಂದಲೇ ಇಳಿಬಿಡಿ, ವೈರ್ ಹಿಡಿದು ಎತ್ತಬೇಡಿ. ಮಕ್ಕಳನ್ನು ಗಾಡಿಯಲ್ಲೇ ಕೂರಿಸಿ.

ಕೋಟೆಬೀದಿ:
ನೀರು ಯಾವುದು ಅನ್ನೋದನ್ನು ಯಾರೂ ಕೇಳಲಿಲ್ಲವಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆ, ಜಗಳೂರು ಕಡೆಯ ಬೋರ್ ನೀರಿನಲ್ಲಿ ಬಹಳ ಕಡೆ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿಗೆ ಇರುವ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಾನದಂಡದಲ್ಲಿ ಮಿತಿ ಲೀಟರ್‌ಗೆ 1 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದರೆ 1.5ರವರೆಗೆ. ಕಾಯಿಸಿದರೆ ಹೋಗೋದಿಲ್ಲ. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಟಿಡಿಎಸ್ ಮೀಟರ್ ಅದ್ದಿ "ಚೆನ್ನಾಗಿದೆ" ಅನ್ನುವವರನ್ನು ನೋಡಿದ್ದೇನೆ. ಆ ಮೀಟರ್ ನೀರಲ್ಲಿ ಕರಗಿದ ಲವಣ ಒಟ್ಟು ಎಷ್ಟು ಅಂತ ಅಷ್ಟೇ ತೋರಿಸುತ್ತೆ, ಫ್ಲೋರೈಡ್ ಎಷ್ಟಿದೆ ಅಂತ ಹೇಳೋದಿಲ್ಲ.

ಎರಡು ಟ್ಯಾಂಕ್ ಇದೆಯಲ್ಲ, ಒಂದು ಕುಡಿಯೋಕೆ ಅಡುಗೆಗೆ, ಘಟಕದ ನೀರು ಮಾತ್ರ. ಇನ್ನೊಂದು ಕೈ ಕಾಲು ಪಾತ್ರೆಗೆ, ತೋಟದ ನೀರು. ಎರಡನ್ನೂ ಕೂಡಿಸುವ ವಾಲ್ವ್ ಇದ್ದರೆ ಮುಚ್ಚಿಬಿಡಿ.

ದಾವಣಗೆರೆ ಟ್ರಾವೆಲರ್:
ಇದು ತಲೆಗೇ ಹೋಗಿರಲಿಲ್ಲ ಸರ್. ಹಾಗಾದರೆ ಒಂದೇ ಪಂಪ್ ಎರಡಕ್ಕೂ ಬಳಸಬಹುದಾ?

ಹೊಳಲ್ಕೆರೆ ಟೀಚರ್:
ಮೊದಲು ಕುಡಿಯುವ ನೀರು ತುಂಬಿ, ಆಮೇಲೆ ತೋಟದ ನೀರು. ಹೊಂಡದ ನೀರಿಗೆ ಇಳಿದ ಪಂಪ್ ಮತ್ತೆ ಕುಡಿಯುವ ಕ್ಯಾನಿಗೆ ಇಳಿಯಬಾರದು. ನಾವು ಎರಡು ಇಟ್ಟಿದ್ದೇವೆ, ಒಂದಕ್ಕೆ ಕೆಂಪು ಟೇಪ್. ಟ್ಯಾಂಕ್ ಹಳೆಯದಾದರೆ ಮೊದಲು ಬ್ಲೀಚ್‌ನಿಂದ ತೊಳೆಯಿರಿ. ಪರಿಮಳ, ಬಣ್ಣ ಸೇರಿಸದ, 5% ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್ ದ್ರಾವಣ, ನೂರು ಲೀಟರ್ ನೀರಿಗೆ 100 ಮಿಲಿ. ನಲ್ಲಿಗಳಲ್ಲೂ ಸ್ವಲ್ಪ ಬಿಟ್ಟು ನಾಲ್ಕು ಗಂಟೆ ಹಾಗೇ ಇಟ್ಟು ಪೂರ್ತಿ ಹೊರಗೆ ಬಿಡಿ. ವಾಸನೆ ಹೋಗುವ ತನಕ ಒಳ್ಳೆ ನೀರಲ್ಲಿ ಜಾಲಾಡಿಸಿ.

ಮೋಟರ್ ವೈಂಡಿಂಗ್ ಯಜಮಾನ:
ವೈರ್ ಮರೆಯಬೇಡಿ. 12 ವೋಲ್ಟ್‌ನಲ್ಲಿ ಜನ ಸೋಲೋದು ಇಲ್ಲೇ. ಬ್ಯಾಟರಿಯಿಂದ ತೊಟ್ಟಿಗೆ 10 ಮೀಟರ್ ದೂರ ಅಂದುಕೊಳ್ಳಿ. ಮನೆಯಲ್ಲಿ ಬಿದ್ದಿರುವ 1 ಸ್ಕ್ವೇರ್ ಎಂಎಂ ವೈರ್ ಹಾಕಿ 5 ಆಂಪ್ ಎಳೆದರೆ ಹೋಗಿ ಬರುವ ದಾರಿಯಲ್ಲೇ 1.7 ವೋಲ್ಟ್ ಖರ್ಚು. ಪಂಪಿಗೆ ಸಿಗೋದು 11ಕ್ಕಿಂತ ಕಡಿಮೆ. ಸೊರಗಿ ತಿರುಗುತ್ತೆ. 2.5 ಸ್ಕ್ವೇರ್ ಹಾಕಿದರೆ 0.7 ವೋಲ್ಟ್ ಮಾತ್ರ. ಬ್ಯಾಟರಿ ಪಕ್ಕದಲ್ಲೇ ಒಂದು 10 ಆಂಪ್ ಫ್ಯೂಸ್. ಪಂಪಿನ ಹತ್ತಿರ ಅಲ್ಲ, ಬ್ಯಾಟರಿ ಹತ್ತಿರ. ಇಲ್ಲದಿದ್ದರೆ ದಾರಿಯಲ್ಲಿ ವೈರ್ ಉಜ್ಜಿ ಶಾರ್ಟ್ ಆದರೆ ಫ್ಯೂಸ್ ಇದ್ದೂ ಪ್ರಯೋಜನ ಇಲ್ಲ.

ಹರಿಹರದ ಹೊಳೆ:
180 ಲೀಟರ್ ಅಂದರೆ 180 ಕೆಜಿ. ಮೂರು ಜನ ದೊಡ್ಡವರನ್ನು ಹಿಂದೆ ಕೂರಿಸಿದ ಹಾಗೆ. ದಾವಣಗೆರೆಯಿಂದಲೇ ತುಂಬಿಕೊಂಡು ಹೋಗಬೇಡಿ, ಹಿರಿಯೂರಲ್ಲಿ ತುಂಬಿಸಿ.

ಹಿರಿಯೂರು ತೋಟ:
ನಮ್ಮ ತೋಟದಲ್ಲೇ ತುಂಬಿಸಿಕೊಳ್ಳಿ ಅಣ್ಣ. ಮಾರಿಕಣಿವೆ ದಾರಿಯಲ್ಲೇ ಇದೆ. 2022ರಲ್ಲಿ ಅಣೆಕಟ್ಟು ಕೋಡಿ ಬಿದ್ದಿತಲ್ಲ, 1933ರ ನಂತರ ಮೊದಲ ಸಲ, ಆಗ ನಮ್ಮಜ್ಜಿಯನ್ನು ಟ್ರ್ಯಾಕ್ಟರ್‌ನಲ್ಲಿ ಕೂರಿಸಿ ತೋರಿಸಿದ್ವಿ. ಆಮೇಲಿಂದ ಬಾವಿಯಲ್ಲೂ ನೀರು ಇದೆ. ಮೆಸೇಜ್ ಮಾಡಿ.

ದಾವಣಗೆರೆ ಟ್ರಾವೆಲರ್ (ಎರಡು ವಾರದ ನಂತರ):
ಹೋಗಿ ಬಂದೆವು. ವರದಿ ಒಪ್ಪಿಸುತ್ತೇನೆ.

ಟೀಚರ್ ಹೇಳಿದ ತರಹದ 12 ವೋಲ್ಟ್ ಸಬ್‌ಮರ್ಸಿಬಲ್ ತಗೊಂಡೆ. ಡಬ್ಬಿ ಮೇಲೆ ನಿಮಿಷಕ್ಕೆ 18 ಲೀಟರ್ ಅಂತ ಇತ್ತು. ಮನೆಯಲ್ಲಿ ಪೈಪ್ ತುದಿಯನ್ನು ಗಾಡಿ ಬಾಯಿಯ ಮಟ್ಟಕ್ಕೆ ಹಿಡಿದು ಅಳೆದೆ. 10 ಲೀಟರ್ ಬಕೆಟ್ ತುಂಬಲು 48 ಸೆಕೆಂಡ್. ಅಂದರೆ ನಿಮಿಷಕ್ಕೆ ಹನ್ನೆರಡೂವರೆ. 18 ಬರದಿದ್ದರೂ ಬೇಜಾರಾಗಲಿಲ್ಲ, ಮೊದಲೇ ಎಚ್ಚರಿಸಿದ್ದಿರಿ. ವೈರ್ 2.5 ಸ್ಕ್ವೇರ್, ಫ್ಯೂಸ್ ಬ್ಯಾಟರಿ ಪಕ್ಕ. ಗಾಳಿ ಪೈಪ್ ನೆಟ್ಟಗೆ ಮಾಡಿದ ಮೇಲೆ ಟ್ಯಾಂಕ್ ಉಗುಳೋದು ನಿಂತಿತು. ಎಲ್ಲ ಸೇರಿ ಎರಡು ಸಾವಿರದ ಏಳುನೂರು ಆಯ್ತು. ಜೊತೆಗೆ ಒಂದು ಸ್ಪ್ರೇಯರ್ ಮೋಟರ್ ಕೂಡ ಇಟ್ಟುಕೊಂಡಿದ್ದೇನೆ, ಹೊಸದೇ. ತೋಟದವರು ಬಯ್ಯಬಾರದು ಅಂತ. ಅದಕ್ಕೆ ಬಜೆಟ್ ಸ್ವಲ್ಪ ದಾಟಿತು.

ಕುಡಿಯುವ ಟ್ಯಾಂಕ್ ಘಟಕದ ಕ್ಯಾನ್‌ಗಳಿಂದ ತುಂಬಿತು, ಕ್ಯಾನ್ ನೆಲದ ಮೇಲೇ ಇತ್ತು. ಆಮೇಲೆ ಹಿರಿಯೂರಿನ ತೋಟದ ತೊಟ್ಟಿಯಲ್ಲಿ ಪಂಪ್ ಇಳಿಬಿಟ್ಟು ಎರಡನೇ ಟ್ಯಾಂಕ್ ಶುರು ಮಾಡಿದೆ. ಏಳೂಕಾಲು ನಿಮಿಷದಲ್ಲಿ ತುಂಬಬೇಕು. ಹತ್ತು ಆಯ್ತು, ಹದಿನೈದು ಆಯ್ತು, ತುಂಬಲೇ ಇಲ್ಲ. ಪಂಪ್ ಚೆನ್ನಾಗಿ ಓಡ್ತಾ ಇದೆ, ಪೈಪಿನಲ್ಲಿ ನೀರು ಹೋಗ್ತಾ ಇದೆ. ತೋಟದಣ್ಣ ಪಂಪ್ ಬಗ್ಗೆ ಭಾಷಣ ಶುರು ಮಾಡಿದ್ದರು. ಅಷ್ಟರಲ್ಲಿ ಅಮ್ಮ ಗಾಡಿಯ ಆ ಬದಿಯಿಂದ "ಅಡಿಕೆ ಗಿಡಕ್ಕೆ ಚೆನ್ನಾಗಿ ನೀರು ಬಿಟ್ಟಿದ್ದೀಯಪ್ಪಾ" ಅಂದರು. ಬ್ಲೀಚ್ ನೀರು ಹೊರಗೆ ಬಿಟ್ಟಾಗ ತೆರೆದ ಕೆಳಗಿನ ಡ್ರೈನ್ ಕಾಕ್ ಹಾಗೇ ಬಿಟ್ಟಿದ್ದೆ.

ಹಿರಿಯೂರು ತೋಟ:
ಆ ನಾಲ್ಕು ಗಿಡ ಈಗ ಚಿಗುರಿವೆ. ಇನ್ನೊಂದು ಸಲ ಬನ್ನಿ ಅಣ್ಣ, ಆ ಕಡೆ ಸಾಲಿನ ಪಕ್ಕ ನಿಲ್ಲಿಸಿ.